ಆರನೆಯ ಬೋಗಿ

"ನಿಲ್ಲಿ! ಆ ಪೆಟ್ಟಿಗೆ ಎತ್ಕೊಂಡು ಎಲ್ಲಿಗೆ ಹೊರಟ್ರಿ?"

ಮೆಟ್ಟಿಲು ಹತ್ತುತ್ತಿದ್ದವಳು ಎರಡೂ ಕೈ ಚಾಚಿ ದಾರಿಗಡ್ಡ ನಿಂತಳು.

ಎರಡು ಮೆಟ್ಟಿಲು ಮೇಲೆ ನಿಂತಿದ್ದವನನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಉದ್ದ ಕಾಲು, ಉದ್ದ ಕೈ, ಅಂಗಿಯ ಮೇಲೆಲ್ಲ ಬಿಳಿ ಪುಡಿ. ಆದರೆ ಅವನು ಎದೆಗೊತ್ತಿ ಹಿಡಿದಿದ್ದ ಮರದ ಪೆಟ್ಟಿಗೆಯನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಅಪ್ಪನ ಉಳಿ, ಗರಗಸ, ಉಜ್ಜುಗೊರಡು ಎಲ್ಲ ಇದ್ದ ಪೆಟ್ಟಿಗೆ! ಮಗಳನ್ನೂ ಮುಟ್ಟಲು ಬಿಡದ ಪೆಟ್ಟಿಗೆ!

"ನೀವು... ಸೂಜಿ ಅಲ್ವಾ?" ಎಂದ ಅವನು.

ಅವಳ ಮೈ ಉರಿದುಹೋಯಿತು. ಸೂಜಿ ಎನ್ನುವುದು ಅಪ್ಪ ಇಟ್ಟ ಅಡ್ಡಹೆಸರು. ಪುಸ್ತಕ ಹೊಲಿಯುವ ಅವಳ ಕೆಲಸಕ್ಕೂ, ಚುಚ್ಚುವ ಅವಳ ನಾಲಿಗೆಗೂ ಸೇರಿಸಿ ಇಟ್ಟದ್ದು. ಮನೆಯೊಳಗಿನ ಆ ಹೆಸರು ಈ ಹಾದಿಹೋಕನ ಬಾಯಿಗೆ ಹೇಗೆ ಬಂತು?

"ನಾನು ಯಾರಾದ್ರೂ ಆಗಿರ್ಲಿ. ಪೆಟ್ಟಿಗೆ ಕೆಳಗಿಡಿ!"

"ನಿಮ್ಮ ತಂದೆಯವರನ್ನೇ ಕೇಳಿ. ಸ್ವಲ್ಪ ದಾರಿ ಬಿಡ್ತೀರಾ? ಕೈ ಬಿದ್ದುಹೋಗ್ತಿದೆ."

ಅವನ ದನಿಯಲ್ಲಿ ಗಾಬರಿಯಿರಲಿಲ್ಲ. ಕಳ್ಳನಾದವನಿಗೆ ಇರಬೇಕಾದ ಅವಸರವೂ ಇರಲಿಲ್ಲ. ಅದಕ್ಕೇ ಅವಳ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಗೋಡೆಗೆ ಬೆನ್ನು ಸವರಿಕೊಂಡು ಇಳಿದುಹೋಗಿದ್ದ. ಮೇಣದ ವಾಸನೆಯೊಂದು ಮೆಟ್ಟಿಲ ಮೇಲೆ ಉಳಿಯಿತು.

ಒಳಗೆ ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದರು.

"ಅಪ್ಪ! ಯಾರದು?"

"ಯಾರು? ಓ... ಇಕ್ಕಳಾನಾ?"

"ಇಕ್ಕಳ? ಅದೊಂದು ಹೆಸರಾ?"

"ನಾನೇ ಇಟ್ಟಿದ್ದು. ಕಾಲು ನೋಡಲಿಲ್ವಾ, ಥೇಟ್ ಇಕ್ಕಳ." ಅಪ್ಪ ನಕ್ಕರು. "ನನ್ನ ಹಲ್ಲಿನ ಸೆಟ್ ಮಾಡಿದ್ದು ಅವನೇ ಕಣೇ."

"ಹಲ್ಲು ಮಾಡೋನಿಗೆ ಮರದ ಕೆಲಸದ ಪೆಟ್ಟಿಗೆ ಯಾಕೆ?"

"ಕೇಳಿದ, ಕೊಟ್ಟೆ." ಅಪ್ಪ ಪೇಪರಿನ ಪುಟ ಮಗುಚಿದರು. "ನೀನೇನು ಇಷ್ಟು ಬೇಗ?"

ಕರೆಂಟ್ ಹೋಗಿ ಗ್ರಂಥಾಲಯದ ಬೈಂಡಿಂಗ್ ವಿಭಾಗಕ್ಕೆ ರಜೆ ಕೊಟ್ಟಿದ್ದರು ಎಂದು ಹೇಳುವ ತಾಳ್ಮೆ ಅವಳಿಗಿರಲಿಲ್ಲ. ಅವಳ ಕಣ್ಣು ಗೋಡೆಯ ಗಾಜಿನ ಕಪಾಟಿನ ಮೇಲೆ ಬಿದ್ದಿತ್ತು.

ಆ ಕಪಾಟಿನಲ್ಲಿ ಅಪ್ಪನ ಜೀವವಿತ್ತು. ಹಿಂದೆ ಊರಿನ ನಡುವೆ, ಎರಡೂವರೆ ಅಡಿ ಅಗಲದ ಹಳಿಯ ಮೇಲೆ, ಒಂದು ಪುಟ್ಟ ರೈಲು ಓಡುತ್ತಿತ್ತು. ಅದರ ಬೋಗಿಗಳ ಷೆಡ್ಡಿನಲ್ಲಿ ಅಪ್ಪ ಬಡಗಿಯಾಗಿದ್ದರು. ರೈಲು ನಿಂತಿತು, ಹಳಿ ಕಿತ್ತರು, ಷೆಡ್ಡು ಗೋದಾಮಾಯಿತು. ಅಪ್ಪ ಮಾತ್ರ ನಿಲ್ಲಲಿಲ್ಲ. ಮನೆಯ ಮೇಜಿನ ಮೇಲೆ ಆ ರೈಲನ್ನೇ ಮತ್ತೆ ಕಟ್ಟತೊಡಗಿದರು. ಮೊಣಕೈ ಉದ್ದದ ಬೋಗಿಗಳು. ಒಳಗೆ ಬೆರಳುದ್ದದ ಬೆಂಚುಗಳು, ಏರಿಸಿ ಇಳಿಸಬಹುದಾದ ಕಿಟಕಿಗಳು, ಕಡ್ಡಿಯಷ್ಟು ತೆಳ್ಳಗಿನ ಸಾಮಾನು ಅಟ್ಟ. ಒಂದು ಎಂಜಿನ್, ಆರು ಬೋಗಿಗಳ ರೈಲದು. ಐದು ಮುಗಿದಿದ್ದವು. ಆರನೆಯದು ಶುರುವಾಗದೆ ಎರಡು ವರ್ಷದಿಂದ ಹಾಗೇ ನಿಂತಿತ್ತು.

ಈಗ ಕಪಾಟಿನಲ್ಲಿ ಎಣಿಸಿದರೆ ಮೂರೇ ಬೋಗಿ!

"ಅಪ್ಪ... ಇನ್ನೆರಡು ಎಲ್ಲಿ?"

"ಅವನ ಹತ್ರಾನೇ ಇವೆ. ಬರ್ತವೆ ಬಿಡು."

ಬರುತ್ತವೆಯಂತೆ! ಅವಳ ಎದೆಯಲ್ಲಿ ಮುಳ್ಳೊಂದು ಚುಚ್ಚಿತು. ಮುಂದಿನ ತಿಂಗಳು ಊರಿನ ಹಳೆಯ ನಿಲ್ದಾಣದ ಕಟ್ಟಡದಲ್ಲಿ ಆ ರೈಲಿನ ನೆನಪಿಗಾಗಿ ಪ್ರದರ್ಶನ ತೆರೆಯುತ್ತಾರೆಂದು ಊರೆಲ್ಲ ಸುದ್ದಿ. ಇಡೀ ರೈಲಿನ ಮಾದರಿ ಯಾರ ಬಳಿ ಇದ್ದರೂ ತರಬಹುದು ಎಂದು ಗ್ರಂಥಾಲಯದ ಬಾಗಿಲಲ್ಲೇ ಚೀಟಿ ಅಂಟಿಸಿದ್ದರು.

ಈಗ ಅರ್ಥವಾಯಿತು... ಇಕ್ಕಳ ಯಾವುದಕ್ಕೆ ಬಾಯಿ ತೆರೆದಿದೆ ಅಂತ!

* * *

"ನನಗೆ ಇಂಥವರೆಲ್ಲ ಚೆನ್ನಾಗಿ ಗೊತ್ತು ಕಣೇ," ಎಂದಳು ಗೋಂದಕ್ಕ.

ಬೈಂಡಿಂಗ್ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷದಿಂದ ಗೋಂದು ಕುದಿಸುತ್ತಿದ್ದ ಹೆಂಗಸು. ಸೂಜಿಗೆ ತಾಯಿ ಹೋದ ಮೇಲೆ ಅಕ್ಕನೂ ಅವಳೇ, ಅತ್ತೆಯೂ ಅವಳೇ.

"ಮೊದಲು ಹೊಗಳ್ತಾರೆ. 'ಅಯ್ಯೋ, ನಿಮ್ಮ ಕೈಗುಣ ಯಾರಿಗೆ ಬರುತ್ತೆ' ಅಂತಾರೆ. ಮುದುಕ್ರು ಕರಗಿ ನೀರಾಗ್ತಾರೆ. ಆಮೇಲೆ ನೋಡಿದ್ರೆ ಕಪಾಟು ಖಾಲಿ!"

"ಏನು ಮಾಡ್ಲಿ ಅಕ್ಕ? ಎರಡು ತಿಂಗಳಲ್ಲಿ ನಾನು ಹೊರಟುಬಿಡ್ತೀನಿ."

ಅದೇ ಅವಳ ದೊಡ್ಡ ಚಿಂತೆ. ದೂರದ ನಗರದ ದೊಡ್ಡ ಗ್ರಂಥಾಲಯದಿಂದ ಅವಳಿಗೆ ಪತ್ರ ಬಂದಿತ್ತು. ಹುಳು ತಿಂದ, ಒದ್ದೆಯಾದ, ಮುಟ್ಟಿದರೆ ಉದುರುವ ಹಳೆಯ ಕೈಬರಹದ ಪುಸ್ತಕಗಳನ್ನು ಉಳಿಸುವ ವಿದ್ಯೆ... ಒಂದು ವರ್ಷದ ತರಬೇತಿ. ನಾಲ್ಕು ವರ್ಷದ ಹಿಂದೆಯೂ ಇದೇ ಪತ್ರ ಬಂದಿತ್ತು. ಆಗ ಅಮ್ಮ ಹಾಸಿಗೆ ಹಿಡಿದಿದ್ದಳು. ಹೋಗಲಾಗುವುದಿಲ್ಲ ಎಂದು ಬರೆದು ಹಾಕಿ ಅವಳು ಅತ್ತದ್ದನ್ನು ಅಪ್ಪ ಬಾಗಿಲ ಮರೆಯಿಂದ ನೋಡಿದ್ದರು. ಈ ಸಲ ಪತ್ರ ಬಂದಾಗ, "ಹೋಗು. ಈ ಸಲ ಏನೇ ಆದ್ರೂ ಹೋಗು," ಎಂದಿದ್ದರು.

"ಹೋಗೋ ಮೊದ್ಲು ಅವನ ಬಣ್ಣ ಬಯಲು ಮಾಡು," ಎಂದಳು ಗೋಂದಕ್ಕ. "ನೇರ ಅವನ ಅಂಗಡಿಗೇ ನುಗ್ಗು."

* * *

ಅದು ಅಂಗಡಿಯಾಗಿರಲಿಲ್ಲ. ಹಲ್ಲಿನ ಆಸ್ಪತ್ರೆಯೊಂದರ ಹಿಂಬದಿಯ ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಗಾರೆಯಲ್ಲಿ ಅಚ್ಚೊತ್ತಿದ ದವಡೆಗಳು ಸಾಲಾಗಿ ನಗುತ್ತಿದ್ದವು. ನಡುವೆ ದೀಪದ ಕೆಳಗೆ ಬಾಗಿ ಕೂತಿದ್ದ ಇಕ್ಕಳ ಅವಳನ್ನು ಕಂಡದ್ದೇ ಮೇಜಿನ ಮೇಲಿದ್ದುದರ ಮೇಲೆ ಬಟ್ಟೆ ಎಳೆದ.

"ಏನದು? ಯಾಕೆ ಮುಚ್ಚಿದ್ರಿ?"

"ಧೂಳು ಕೂರುತ್ತೆ ಅಂತ."

"ಧೂಳಾ, ನನ್ನ ಕಣ್ಣಾ?"

ಅವಳು ಬಟ್ಟೆ ಎಳೆದೇ ಬಿಟ್ಟಳು. ಅಪ್ಪನ ಎರಡನೆಯ ಬೋಗಿ! ಛಾವಣಿ ಕಳಚಿ ಪಕ್ಕಕ್ಕಿಟ್ಟಿತ್ತು. ಅದರ ಪಕ್ಕದಲ್ಲೇ ಇನ್ನೊಂದು... ಹೊಸದು, ಬಣ್ಣ ಕಾಣದ ಹಸಿ ಮರದ್ದು. ಅದೇ ಬಗೆಯ ಕಿಟಕಿ, ಅದೇ ಬಗೆಯ ಮೂಲೆ ಜೋಡಣೆ.

"ನಕಲು ಮಾಡ್ತಿದ್ದೀರಿ!"

ಅವನು ಇಲ್ಲ ಎನ್ನಲಿಲ್ಲ. "ಕಲೀತಿದ್ದೀನಿ. ಇದು ಆರನೇದು," ಎಂದ ಮೆಲ್ಲಗೆ.

ಬೈಯಲೆಂದು ಬಂದವಳ ಕಣ್ಣು ಹೊಸ ಬೋಗಿಯ ಛಾವಣಿಯ ಮೇಲೆ ನಿಂತಿತು. ಮರದ ಛಾವಣಿಗೆ ಬಟ್ಟೆ ಅಂಟಿಸಲು ನೋಡಿದ್ದ. ಹಳೆಯ ಬೋಗಿಗಳಿಗೆ ಹಾಗೇ ಮಾಡುತ್ತಿದ್ದರು, ಮೇಲೆ ಬಟ್ಟೆ, ಅದರ ಮೇಲೆ ಬಣ್ಣ. ಆದರೆ ಬಟ್ಟೆಯೆಲ್ಲ ಸುಕ್ಕು ಸುಕ್ಕಾಗಿ, ಅಜ್ಜಿಯ ಮೊಣಕೈಯಂತಿತ್ತು.

"ಥೂ!" ಎಂದಿತು ಅವಳ ಬಾಯಿ ತಾನಾಗಿ. "ಮರಕ್ಕೆ ಗೋಂದು ಹಚ್ಚಿದ್ರಾ?"

"ಇನ್ನೆಲ್ಲಿಗೆ ಹಚ್ಚಬೇಕಿತ್ತು?"

"ಬಟ್ಟೆಗೆ! ಮೊದ್ಲು ಬಟ್ಟೇನ ಸ್ವಲ್ಪ ಒದ್ದೆ ಮಾಡ್ಬೇಕು. ಗೋಂದು ಕುಡಿಯೋಕೆ ಬಿಡ್ಬೇಕು. ಆಮೇಲೆ ನಡುವಿನಿಂದ ಅಂಚಿಗೆ... ಸರೀರಿ ಈ ಕಡೆ!"

ಹದಿನೈದು ನಿಮಿಷದ ಮೇಲೆ ಅವಳಿಗೆ ತಾನು ಎಲ್ಲಿದ್ದೇನೆಂದು ಎಚ್ಚರವಾಯಿತು. ಕಳ್ಳನ ಮೇಜಿನ ಮುಂದೆ, ಕಳ್ಳನ ಕುರ್ಚಿಯಲ್ಲಿ, ಕಳ್ಳನ ಬೆರಳುಗಳನ್ನು ತನ್ನ ಬೆರಳುಗಳಿಂದ ಒತ್ತಿ ಹಿಡಿದು, ಬಟ್ಟೆ ಸವರುವುದನ್ನು ಕಲಿಸುತ್ತಿದ್ದಳು!

ಚಟ್ಟನೆ ಕೈ ಎಳೆದುಕೊಂಡಳು. ಕೆನ್ನೆ ಬಿಸಿಯಾಗಿತ್ತು.

"ಎಷ್ಟು ನೀಟಾಗಿ ಕೂತಿತು!" ಅವನು ಛಾವಣಿಯನ್ನೇ ನೋಡುತ್ತಿದ್ದ. "ಮೇಸ್ತ್ರಿ ಹೇಳಿದ್ರು, ನನ್ನ ಮಗಳ ಕೈಯಲ್ಲಿ ಬಟ್ಟೆ ಮಾತು ಕೇಳುತ್ತೆ ಅಂತ. ನಾನು ನಂಬಿರ್ಲಿಲ್ಲ."

ಅಪ್ಪನನ್ನು ಮೇಸ್ತ್ರಿ ಎಂದು ಎಷ್ಟು ಗೌರವದಿಂದ ಕರೆಯುತ್ತಾನೆ... ನಾಟಕ ಇರಬಹುದಾ? ಇಷ್ಟು ಚೆನ್ನಾಗಿ ಯಾರಾದರೂ ನಾಟಕ ಆಡಬಲ್ಲರಾ?

"ನಾನು ನಾಳೇನೂ ಬರ್ತೀನಿ," ಎಂದಳು ಎದ್ದು. "ಸ್ನೇಹಕ್ಕಲ್ಲ. ಕಾವಲಿಗೆ!"

"ಕಾವಲಿಗಾದ್ರೂ ಬನ್ನಿ," ಎಂದ ಇಕ್ಕಳ. ಮೊದಲ ಬಾರಿಗೆ ನಕ್ಕ. ಗೋಡೆಯ ಮೇಲಿನ ಅಷ್ಟೂ ದವಡೆಗಳಿಗಿಂತ ಅವನ ನಗುವೇ ಚೆನ್ನಾಗಿತ್ತು.

* * *

ಹೀಗೆ ಶುರುವಾಯಿತು ಅವಳ ಕಾವಲು. ದಿನಾ ಸಂಜೆ ಕೆಲಸ ಮುಗಿಸಿ ಆ ಕೋಣೆಗೆ ಹೋಗುವುದು, ಮುಖ ಗಂಟಿಕ್ಕಿಕೊಂಡು ಕೂರುವುದು, ಐದೇ ನಿಮಿಷದಲ್ಲಿ ಕತ್ತರಿ ಕೈಗೆತ್ತಿಕೊಳ್ಳುವುದು.

ಚಿನ್ನದ ಹಲ್ಲು ಎರಕ ಹೊಯ್ಯುವ ಕುಲುಮೆಯಲ್ಲಿ ಅವನು ಗೋಧಿ ಕಾಳಿನಷ್ಟು ಪುಟ್ಟ ಹಿತ್ತಾಳೆ ಹಿಡಿಕೆಗಳನ್ನು ಎರಕ ಹೊಯ್ದ. ಅವಳು ಬೆಂಚುಗಳಿಗೆ ತೆಳುವಾದ ಚರ್ಮ ಹೊದಿಸಿದಳು. ಅವನದು ಮಾತು ಕಡಿಮೆ. ಆಡಿದರೆ ಅಪ್ಪನ ಸುದ್ದಿಯೇ. ಒಂದು ದಿನ ಅವಳ ಬೆರಳಿಗೆ ಅಲಗು ತಾಗಿ ರಕ್ತ ಬಂದಾಗ ಅವನು ಪಟ್ಟಿ ಸುತ್ತಿದ ರೀತಿ... ಅಷ್ಟು ಹಗುರವಾಗಿ ಯಾರೂ ಅವಳನ್ನು ಮುಟ್ಟಿರಲಿಲ್ಲ.

ಆದರೂ ಅನುಮಾನದ ಮುಳ್ಳು ಹೋಗಲಿಲ್ಲ. ಬದಲಿಗೆ, ದಿನಕ್ಕೊಂದು ಹೊಸ ಮುಳ್ಳು!

ಅಪ್ಪ ಬೆಳಿಗ್ಗೆ ಬೆಳಿಗ್ಗೆ ಎಲ್ಲೋ ಹೋಗಿಬರುತ್ತಿದ್ದರು. ಕೇಳಿದರೆ "ವಾಕಿಂಗ್" ಎನ್ನುತ್ತಿದ್ದರು. ವಾಕಿಂಗ್ ಹೋದವರ ಪ್ಯಾಂಟಿಗೆ ಕೋಳಿ ಪುಕ್ಕ ಯಾಕೆ ಅಂಟಿರಬೇಕು? ಅವಳು ಹೊತ್ತಿಗೆ ಮುಂಚೆ ಬಂದರೆ ಇಕ್ಕಳ ಒಂದು ನೋಟ್‌ಬುಕ್ಕನ್ನು ಪಟ್ಟನೆ ಡ್ರಾಯರಿಗೆ ತಳ್ಳುತ್ತಿದ್ದ. "ಆರನೇ ಬೋಗಿಯ ನಕ್ಷೆ ಷೆಡ್ಡಿನಲ್ಲೇ ಕಳೆದುಹೋಯ್ತಲ್ಲ, ಅಳತೆ ಎಲ್ಲಿಂದ ಸಿಗ್ತಿದೆ?" ಎಂದರೆ, "ಸಿಗ್ತಿದೆ," ಎನ್ನುತ್ತಿದ್ದ. ಅಷ್ಟೇ!

'ನನ್ನಿಂದ ಏನೋ ಮುಚ್ಚಿಡ್ತಿದ್ದಾನೆ. ಆದ್ರೂ ನಾನು ದಿನಾ ಬರ್ತಿದ್ದೀನಿ. ನನಗೇನಾಗಿದೆ?' ಎಂದು ಅವಳು ತನ್ನನ್ನೇ ಕೇಳಿಕೊಂಡಳು.

ಉತ್ತರ ಗೊತ್ತಿತ್ತು. ಅದಕ್ಕೇ ಭಯವಾಗುತ್ತಿತ್ತು.

ಒಂದು ಸಂಜೆ ಅವನು ಆಸ್ಪತ್ರೆಯೊಳಗೆ ಹಲ್ಲಿನ ಸೆಟ್ ಕೊಡಲು ಹೋಗಿದ್ದ. ಮೇಜಿನ ಡ್ರಾಯರು ಅರ್ಧ ತೆರೆದಿತ್ತು. ತಪ್ಪೆಂದು ಗೊತ್ತಿದ್ದೂ ಅವಳು ಕೈ ಹಾಕಿದಳು. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಅವನ ಕೈಬರಹ. 'ಮಗಳಿಗೆ ಯಾವ ಕಾರಣಕ್ಕೂ ತಿಳಿಯಬಾರದು.'

ಅವಳು ಪುಟ ತಿರುವಿದಳು.

ಅದರೊಳಗೆ ಮಡಿಸಿಟ್ಟ ಒಂದು ಹಾಳೆ. ನಿಲ್ದಾಣದ ಪ್ರದರ್ಶನಕ್ಕೆ ಕೊಡುವ ಅರ್ಜಿ. 'ಎಂಜಿನ್ ಮತ್ತು ಆರು ಪ್ರಯಾಣಿಕರ ಬೋಗಿಗಳ ಸಂಪೂರ್ಣ ರೈಲು.' 'ತಯಾರಿಸಿದವರು' ಎಂಬ ಜಾಗ ಖಾಲಿ. ಕೆಳಗೆ ಮಾತ್ರ ಅಪ್ಪನ ಸಹಿ. ಗೆರೆಯ ಮೇಲೆ ಕೂರದೆ, ಓರೆಯಾಗಿ ಕಾಗದದ ಅಂಚಿನವರೆಗೂ ಜಾರಿದ ಸಹಿ... ಯಾರೋ ಕೈ ಹಿಡಿದು ಮಾಡಿಸಿದಂತೆ!

ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು.

"ಇದೇನು?" ಅವಳು ಹಾಳೆ ಎತ್ತಿ ಹಿಡಿದಳು. "ಖಾಲಿ ಬಿಟ್ಟ ಜಾಗದಲ್ಲಿ ಯಾರ ಹೆಸರು ಬರೀಬೇಕು ಅಂತಿದ್ದೀರಿ?"

ಅವನ ಮುಖದ ಬಣ್ಣವೇ ಇಳಿದುಹೋಯಿತು. "ಅದನ್ನ ನೀವು ನೋಡಬಾರದಿತ್ತು."

"ಹೌದಲ್ವಾ? ನೋಡದೇ ಇದ್ದಿದ್ರೆ ಅನುಕೂಲ ಆಗ್ತಿತ್ತು! ಮೊದ್ಲು ಪೆಟ್ಟಿಗೆ, ಆಮೇಲೆ ಬೋಗಿ, ಆಮೇಲೆ ಸಹಿ! ಅಪ್ಪನ್ನ ಬುಟ್ಟಿಗೆ ಹಾಕ್ಕೊಂಡ್ರಿ. ನನ್ನನ್ನೂ..." ಅವಳು ಹಾಳೆಯನ್ನು ಮೇಜಿಗೆ ಬಡಿದಳು. "ನನ್ನ ಕೈಯಿಂದಾನೇ ಛಾವಣಿ ಹೊದಿಸ್ಕೊಂಡ್ರಿ!"

"ನಿಮ್ಮ ತಂದೆಯವರನ್ನೇ ಕೇಳಿ. ನಾನು ಹೇಳೋ ಹಾಗಿಲ್ಲ."

"ಅದೊಂದೇ ಮಾತು! ನೀವೊಬ್ಬ ಕಳ್ಳ! ಇನ್ಮೇಲೆ ನಮ್ಮ ಮನೆ ಮೆಟ್ಟಿಲು ಹತ್ತಬೇಡಿ. ಅಪ್ಪನ ಹತ್ರ ಸುಳೀಬೇಡಿ. ಎಲ್ಲ ವಾಪಸ್ ಬರಬೇಕು!"

ಅವನು ಡ್ರಾಯರು ಮುಚ್ಚಿದ. "ಆಯ್ತು," ಎಂದ ಕೊನೆಗೆ. ಅಷ್ಟೇ.

ಒಂದು ಜಗಳವಾದರೂ ಆಡಬಾರದಿತ್ತಾ? 'ನಾನು ಅಂಥವನಲ್ಲ' ಎಂದು ಒಂದು ಮಾತು ಹೇಳಬಾರದಿತ್ತಾ? ದಾರಿಯುದ್ದಕ್ಕೂ ಅವಳು ಅತ್ತಳು.

* * *

ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಹೊಸಿಲಾಚೆ ಎಲ್ಲವೂ ಇತ್ತು. ಪೆಟ್ಟಿಗೆ, ಎರಡು ಬೋಗಿ, ಆರನೆಯದರ ಅರೆಬರೆ ಮೈ, ಹತ್ತಿಯಲ್ಲಿ ಸುತ್ತಿದ ಹಿತ್ತಾಳೆ ಹಿಡಿಕೆಗಳು. ಒಂದು ಚೀಟಿಯೂ ಇಲ್ಲ.

"ಏನು ಮಾಡಿದೆ ನೀನು?" ಎಂದು ಕೇಳಿದರು ಅಪ್ಪ. ಅವಳು ಹೇಳಿದಳು. ಅಪ್ಪ ಬೈಯಲಿಲ್ಲ. ಕುರ್ಚಿಯಲ್ಲಿ ಕೂತು, ಗೋಡೆಯ ಕಡೆ ತಿರುಗಿ, "ಪ್ರದರ್ಶನಕ್ಕೆ ಇನ್ನು ಹನ್ನೆರಡು ದಿನ ಇತ್ತು," ಎಂದರು. ಮರುದಿನವೂ ಅದೇ ಗೋಡೆಗೆ ಮುಖ ಮಾಡಿ ಕೂತಿದ್ದರು.

ಮೂರನೆಯ ದಿನ ಮಧ್ಯಾಹ್ನ, ಮನಸ್ಸು ತಡೆಯದೆ ಅವಳು ಊಟದ ಬಿಡುವಿನಲ್ಲಿ ಮನೆಗೆ ಓಡಿಬಂದಳು. ಕುರ್ಚಿ ಖಾಲಿ. ತಟ್ಟೆ ಮುಚ್ಚಿಟ್ಟಂತೆಯೇ ಇತ್ತು. ಪಕ್ಕದ ಮನೆಯವರು, "ಬೆಳಿಗ್ಗೆ ಎಂಟಕ್ಕೇ ಹೋದ್ರಲ್ಲ, ಒಬ್ಬರೇ," ಎಂದರು.

ಅವಳ ಕಾಲು ತಾನಾಗಿ ಆ ಉದ್ದನೆಯ ಕೋಣೆಯ ಕಡೆ ಓಡಿತು.

"ಅಪ್ಪ ಎಲ್ಲಿ? ನಿಮ್ಮ ಜೊತೆ ಇದ್ದಾರಾ? ನಿಜ ಹೇಳಿ!"

ಇಕ್ಕಳನ ಕೈಯಲ್ಲಿದ್ದ ಮೇಣದ ಹಲ್ಲು ಕೆಳಗೆ ಬಿತ್ತು. "ಒಬ್ಬರೇ ಹೋದ್ರಾ? ದೇವರೇ... ಅವರಿಗೆ ಬಸ್ಸಿನ ಬೋರ್ಡೂ ಕಾಣ..."

ಮಾತು ಅಲ್ಲೇ ತುಂಡಾಯಿತು.

"ಏನಂದ್ರಿ?"

ಅವನು ಬಿದ್ದ ಹಲ್ಲನ್ನು ಹೆಕ್ಕಲು ಬಗ್ಗಿದ.

"ಏನಂದ್ರಿ? ಅಪ್ಪನಿಗೆ ಏನು ಕಾಣಲ್ಲ?"

"ಏನೂ ಕಾಣಲ್ಲ," ಎಂದ ಅವನು, ತೀರ ಸಣ್ಣ ದನಿಯಲ್ಲಿ. "ಎದುರಿಗಿರೋದು ಏನೂ ಕಾಣಲ್ಲ. ಅಂಚಿನಲ್ಲಿ ಮಾತ್ರ ನೆರಳು ನೆರಳಾಗಿ ಕಾಣುತ್ತೆ. ಎರಡು ವರ್ಷ ಆಯ್ತು. ಡಾಕ್ಟ್ರು ಹೋದ ನೋಟ ವಾಪಸ್ ಬರಲ್ಲ ಅಂದಿದ್ದಾರೆ."

ಅವಳು ತಲೆ ಅಲ್ಲಾಡಿಸಿದಳು.

"ಸುಳ್ಳು... ಅವರು ದಿನಾ ಪೇಪರ್ ಓದ್ತಾರೆ..."

ಹೇಳುತ್ತಿದ್ದಂತೆಯೇ ನೆನಪುಗಳು ಒಂದೊಂದಾಗಿ ಎದ್ದು ನಿಂತವು. 'ನೀನೇ ಓದಿ ಹೇಳು, ನಿನ್ನ ದನಿ ಕೇಳೋಕೆ ಚೆನ್ನ.' 'ಕನ್ನಡಕ ಎಲ್ಲೋ ಇಟ್ಟೆ.' 'ಟೀವಿ ಬೇಡ ಬಿಡು, ಬರೀ ಜಗಳ.' ಅದನ್ನೆಲ್ಲ ಅಪ್ಪನ ಮುದ್ದು ಎಂದುಕೊಂಡಿದ್ದಳು. ಓರೆಯಾಗಿ ಜಾರಿದ ಆ ಸಹಿ... ಅಯ್ಯೋ! ಊರಿನವರ ಮೇಲೆಲ್ಲ ಕಣ್ಣಿಟ್ಟ ತಾನು, ಒಂದೇ ಮನೆಯಲ್ಲಿದ್ದ ಅಪ್ಪನ ಕಣ್ಣನ್ನು ನೋಡಲಿಲ್ಲವಲ್ಲ!

"ನಿಮಗೆ ಹೇಗೆ ಗೊತ್ತಾಯ್ತು?"

"ಹಲ್ಲಿನ ಸೆಟ್ ತಗೊಳ್ಳೋಕೆ ಬಂದಾಗ ಅದನ್ನ ನೋಡಲೇ ಇಲ್ಲ. ಬೆರಳಲ್ಲಿ ಸವರಿ, 'ಎಡಗಡೆ ಕೂದಲೆಳೆಯಷ್ಟು ಎತ್ತರ ಇದೆ' ಅಂದ್ರು. ಅಳೆದು ನೋಡಿದೆ. ನಿಜ! ಅವತ್ತೇ ಕಾಲು ಹಿಡ್ಕೊಂಡೆ, ಕೆಲಸ ಕಲಿಸಿ ಅಂತ. ಅವರು, 'ನನಗೆ ಕಣ್ಣು ಬೇಕು, ನಿನಗೆ ವಿದ್ಯೆ ಬೇಕು. ಆದ್ರೆ ಮಗಳಿಗೆ ತಿಳಿದ್ರೆ ಅವಳು ಈ ಸಲಾನೂ ಹೋಗಲ್ಲ' ಅಂದ್ರು. ಮಾತು ಕೊಟ್ಟೆ." ಅವನು ಸ್ಕೂಟರಿನ ಕೀ ಎತ್ತಿಕೊಂಡ. "ಬನ್ನಿ. ಎಲ್ಲಿದ್ದಾರೆ ಅಂತ ನನಗೆ ಗೊತ್ತು."

* * *

ಊರ ಹೊರಗೆ, ಮರದ ಡಿಪೋದ ಹಿಂದೆ, ಚಕ್ರವಿಲ್ಲದ ಒಂದು ರೈಲು ಬೋಗಿ ಹುಲ್ಲಿನಲ್ಲಿ ಹೂತು ಕೂತಿತ್ತು. ಡಿಪೋದವರು ಅದನ್ನು ಕೋಳಿಗೂಡು ಮಾಡಿಕೊಂಡಿದ್ದರು. ಒಂದಾನೊಂದು ಕಾಲದ ಆರನೆಯ ಬೋಗಿ!

ಒಳಗೆ, ಕೋಳಿಗಳ ನಡುವೆ, ಮುರಿದ ಬೆಂಚಿನ ಮೇಲೆ ಅಪ್ಪ ಕೂತಿದ್ದರು. ಮೊಣಕಾಲಿನ ಹತ್ತಿರ ಪ್ಯಾಂಟು ಹರಿದು ರಕ್ತ ಒಣಗಿತ್ತು. ಎರಡೂ ಅಂಗೈಗಳನ್ನು ಕಿಟಕಿಯ ಚೌಕಟ್ಟಿನ ಮೇಲೆ ಆಡಿಸುತ್ತಿದ್ದರು, ಮಗುವಿನ ಮುಖ ಸವರಿದ ಹಾಗೆ.

ಹೆಜ್ಜೆ ಸದ್ದಿಗೆ ತಿರುಗಿದರು. "ಇಕ್ಕಳಾ? ಬಂದ್ಯಾ? ಬರ್ಕೋ. ಕಿಟಕಿ ಕೆಳಗಿನ ಪಟ್ಟಿ ಒಂದೂಕಾಲು ಬೆರಳು. ನಾವು ಒಂದು ಅಂತ ಹಾಕಿದ್ವಿ, ತಪ್ಪು."

"ಬರ್ಕೋತೀನಿ ಮೇಸ್ತ್ರಿ," ಎಂದ ಅವನು. ದನಿ ಒಡೆದಿತ್ತು.

ಅವಳು ಹೋಗಿ ಅಪ್ಪನ ಎದುರು ನಿಂತಳು. ಎರಡೇ ಅಡಿ ದೂರ. ಅಪ್ಪ ಅವಳ ಭುಜದಾಚೆ ಎಲ್ಲೋ ನೋಡುತ್ತಿದ್ದರು.

ಅವಳ ಬಿಕ್ಕು ಕೇಳಿದಾಗ ಅವರ ಕೈ ನಿಂತಿತು.

"...ಸೂಜಿ?"

"ಅಪ್ಪ!" ಅವಳು ಅವರ ಮಡಿಲಿಗೆ ಕುಸಿದಳು. "ಯಾಕಪ್ಪಾ ಹೇಳಲಿಲ್ಲ? ನಾನೇನು ಪರಕೀಯಳಾ?"

"ಹೇಳಿದ್ರೆ ನೀನು ಪತ್ರ ಹರಿದು ಹಾಕ್ತಿದ್ದೆ."

"ಹಾಕ್ತಿದ್ದೆ!"

"ಅದಕ್ಕೇ." ಅಪ್ಪ ಅವಳ ತಲೆ ಸವರಿದರು. "ಒಂದ್ಸಲ ಬಾಗಿಲ ಮರೇಲಿ ನಿಂತು ನಿನ್ನ ಅಳು ನೋಡಿದ್ದೀನಿ ಮಗಳೇ. ಇನ್ನೊಂದ್ಸಲ ನೋಡೋಕೂ ಆಗಲ್ಲ ಅಂದ್ರೆ, ಬರೀ ಕೇಳ್ಬೇಕು ಅಂದ್ರೆ... ನನ್ನ ಕೈಲಾಗಲ್ಲ."

ಕೋಳಿಯೊಂದು ಅವರ ಬೂಟಿನ ದಾರ ಕುಕ್ಕುತ್ತಿತ್ತು. ಅಪ್ಪ ಅದನ್ನು ಮೆಲ್ಲಗೆ ಸರಿಸಿದರು.

"ಮಿಕ್ಕ ಐದು ಬೋಗಿ ನಾನು ರಿಪೇರಿ ಮಾಡಿದ್ದು. ಇದೊಂದು ಮಾತ್ರ ತಳದಿಂದ ತುದಿವರೆಗೆ ನಾನೇ ಕಟ್ಟಿದ್ದು. ಆಗ ನನಗೆ ಇಪ್ಪತ್ತಮೂರು. ಪೂರ್ತಿ ಕತ್ತಲಾಗೋ ಮೊದ್ಲು ಇದರ ಮರಿ ನೋಡ್ಬೇಕು ಅನ್ನಿಸ್ತು. ಈ ಹುಡುಗ ಸಿಕ್ಕಿದ. ಆದ್ರೆ ಅವನದೂ ಕತ್ತೆ ಹಟ ಕಣೇ. ಅರ್ಜೀಲಿ ಇಬ್ಬರ ಹೆಸರೂ ಬರಿ ಅಂದ್ರೆ, 'ನಿಮ್ಮದೊಂದೇ ಸಾಕು' ಅಂತಾನೆ. ನಾನು ಒಪ್ಪಲ್ಲ, ಅವನೂ ಒಪ್ಪಲ್ಲ. ಜಾಗ ಖಾಲಿ!"

ಅವಳು ತಲೆಯೆತ್ತಿ ನೋಡಿದಳು. ಇಕ್ಕಳ ಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತು, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ.

ಕಳ್ಳ ಎಂದು ಕರೆದಿದ್ದಳು ಅವನನ್ನು. ಅವನು ಕದ್ದದ್ದಾದರೂ ಏನು? ಅಪ್ಪನ ಕತ್ತಲಲ್ಲಿ ಅರ್ಧ ಪಾಲು!

* * *

ಉಳಿದ ಒಂಬತ್ತು ದಿನ ಮೂವರೂ ಮನೆಯ ಮೇಜಿಗೇ ಕೂತರು. ಅಪ್ಪನದು ಮಾತು, ಇಕ್ಕಳನದು ಮರ, ಸೂಜಿಯದು ಬಟ್ಟೆ ಮತ್ತು ಚರ್ಮ. ಗೋಂದಕ್ಕನೂ ಒಂದು ದಿನ ತಾನೇ ಕುದಿಸಿದ ಗೋಂದು ತಂದುಕೊಟ್ಟು, ಇಕ್ಕಳನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ನಾನು ಆವತ್ತೇ ಹೇಳಿದ್ದೆ, ಹುಡುಗ ಒಳ್ಳೆಯವನು ಅಂತ," ಎಂದಳು. ಸೂಜಿಗೆ ನಗು ತಡೆಯಲಾಗಲಿಲ್ಲ.

ಕ್ಷಮೆ ಕೇಳಲು ಅವಳು ಮೂರು ಸಲ ಬಾಯಿ ತೆರೆದಿದ್ದಳು. ಮೂರು ಸಲವೂ ಅವನು, "ಆ ಕತ್ತರಿ ಕೊಡಿ," ಎಂದು ಮಾತು ತಿರುಗಿಸಿದ್ದ.

ಬೋಗಿ ಮುಗಿದ ಸಂಜೆ ಅದನ್ನು ಅಪ್ಪನ ತೊಡೆಯ ಮೇಲಿಟ್ಟರು. ಅವರು ಸವರಿದರು. ಛಾವಣಿ, ಬಾಗಿಲು, ಹಿಡಿಕೆ, ಕಿಟಕಿ, ಕೆಳಗಿನ ಒಂದೂಕಾಲರ ಪಟ್ಟಿ.

"ಎಡಗಡೆ ಕೂದಲೆಳೆಯಷ್ಟು..." ಎಂದು ಅಪ್ಪ ನಿಲ್ಲಿಸಿದರು.

"ಎತ್ತರ ಇದ್ಯಾ ಮೇಸ್ತ್ರಿ?" ಇಕ್ಕಳನ ಮುಖ ಪೆಚ್ಚಾಯಿತು.

"ಇಲ್ಲ ಕಣೋ! ಹೆದರಿಸಿದೆ!" ಅಪ್ಪ ಗಹಗಹಿಸಿ ನಕ್ಕರು. ನಗುತ್ತ ನಗುತ್ತಲೇ ಅವರ ಕಣ್ಣು ತುಂಬಿತು. "ನನ್ನ ಬೋಗಿ ಕಣೋ ಇದು. ನನ್ನದೇ."

ಪ್ರದರ್ಶನದ ದಿನ ಆರೂ ಬೋಗಿಗಳು ಗಾಜಿನೊಳಗೆ ಸಾಲಾಗಿ ನಿಂತವು. ಕೆಳಗಿನ ಹಲಗೆಯ ಮೇಲೆ ಮೂರು ಹೆಸರಿದ್ದವು. ಅರ್ಜಿ ತುಂಬಿದವಳು ಸೂಜಿ. ಅವಳೊಂದಿಗೆ ವಾದ ಮಾಡುವ ಧೈರ್ಯ ಇಬ್ಬರಿಗೂ ಇರಲಿಲ್ಲ.

* * *

ಅವಳು ಹೋಗುವುದೆಂದು ತೀರ್ಮಾನವಾಗಿತ್ತು. ಹಟ ಹಿಡಿದದ್ದು ಅಪ್ಪ. ಷರತ್ತು ಹಾಕಿದ್ದು ಅವಳು. ಗೋಂದಕ್ಕ ಮೇಲಿನ ಕೋಣೆಗೆ ಬಂದು ಇರಬೇಕು, ಅಪ್ಪ ಕೈಗೋಲು ಹಿಡಿಯಬೇಕು, ತಿಂಗಳಿಗೊಮ್ಮೆ ಅವಳು ಬಂದಾಗ ಏನನ್ನೂ ಮುಚ್ಚಿಡದೆ ಎಲ್ಲ ಹೇಳಬೇಕು.

ಹೊರಡುವ ಮುನ್ನಾದಿನ ಅವಳು ಆ ಉದ್ದನೆಯ ಕೋಣೆಗೆ ಹೋದಳು. ಕಿಟಕಿಯಿಂದ ಹತ್ತು ಗಂಟೆಯ ಬಿಸಿಲು ಬಿದ್ದಿತ್ತು.

"ನಾಳೆ ಹೋಗ್ತಿದ್ದೀನಿ."

"ಗೊತ್ತು." ಅವನು ದವಡೆಯೊಂದನ್ನು ಉಜ್ಜುತ್ತಲೇ ಇದ್ದ. "ಒಳ್ಳೇದು. ಚೆನ್ನಾಗಿ ಕಲೀರಿ."

"ಅಷ್ಟೇನಾ?"

"ಮೇಸ್ತ್ರಿ ಹತ್ರ ದಿನಾ ಹೋಗ್ತೀನಿ. ಚಿಂತೆ ಬೇಡ."

"ಅಷ್ಟೇನಾ?"

ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ. ಅವಳಿಗೆ ಅಳು, ಸಿಟ್ಟು ಎರಡೂ ಬಂತು. ಬಂದು ಅವನ ಕೈಯಿಂದ ದವಡೆ ಕಿತ್ತುಕೊಂಡಳು.

"ನಾನು ನಿಮ್ಮನ್ನ ಕಳ್ಳ ಅಂದೆ. ತಪ್ಪಾಯ್ತು. ಎಷ್ಟು ಸಲ ಹೇಳೋಕೆ ಬಂದೆ, ಹೇಳೋಕೆ ಬಿಡಲಿಲ್ಲ ನೀವು. ಇನ್ನೂ ಸಿಟ್ಟಿದ್ದರೆ ಬೈದುಬಿಡಿ. ಏನೂ ಇಲ್ಲ ಅಂದ್ರೆ... ಏನೂ ಇಲ್ಲ ಅಂತಾದ್ರೂ ಹೇಳಿ!"

"ಸಿಟ್ಟಾ?" ಅವನು ಬೆರಗಾಗಿ ನೋಡಿದ. "ಆ ಮೆಟ್ಟಿಲ ಮೇಲೆ ಕೈ ಚಾಚಿ ನಿಂತಿದ್ರಲ್ಲ... ಅಪ್ಪನ ಪೆಟ್ಟಿಗೆಗೆ ಹೀಗೆ ಅಡ್ಡ ನಿಲ್ಲೋಳು, ಮನುಷ್ಯರಿಗೆ ಹೇಗೆ ನಿಲ್ತಾಳೆ ಅಂದ್ಕೊಂಡೆ ಅವತ್ತು. ಅವತ್ತಿಂದ..."

"ಅವತ್ತಿಂದ?"

"ಬೇಡ. ಹೇಳಿದ್ರೆ ನೀವು ಹೋಗದೇ ಉಳಿದುಬಿಟ್ರೆ?"

ಅವಳು ಅವನನ್ನೇ ದಿಟ್ಟಿಸಿದಳು. ಅಪ್ಪನ ಶಿಷ್ಯ! ಅದೇ ರೋಗ!

"ನೋಡಿ ಇಲ್ಲಿ," ಎಂದಳು ಒಂದೊಂದೇ ಅಕ್ಷರ ಬಿಡಿಸಿ. "ನನ್ನ ಒಳ್ಳೇದಕ್ಕೆ ಅಂತ ಇನ್ನು ಯಾರೂ ನನ್ನಿಂದ ಏನನ್ನೂ ಮುಚ್ಚಿಡೋ ಹಾಗಿಲ್ಲ. ನಾನು ಹೋಗೇ ಹೋಗ್ತೀನಿ. ನೀವು ಹೇಳಿದ್ರೂ ಹೋಗ್ತೀನಿ, ಹೇಳದಿದ್ರೂ ಹೋಗ್ತೀನಿ. ಹೇಳಿದ್ರೆ ನಗ್ತಾ ಹೋಗ್ತೀನಿ. ಅಷ್ಟೇ ವ್ಯತ್ಯಾಸ."

ಅವನು ಎದ್ದು ನಿಂತ. ಅಷ್ಟುದ್ದದ ಮನುಷ್ಯ ಏನು ಮಾಡಬೇಕೆಂದು ತಿಳಿಯದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

"ನೀವಂದ್ರೆ ನನಗೆ ಪ್ರಾಣ," ಎಂದ. "ವರ್ಷ ಅಲ್ಲ, ಎಷ್ಟು ಕಾಲ ಆದ್ರೂ ಕಾಯ್ತೀನಿ. ನನ್ನ ಮದುವೆ ಆಗ್ತೀರಾ?"

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ತುಟಿಯ ಮೇಲೆ ಮಾತ್ರ ನಗು.

"ಮದುವೆ ಆಗೋನನ್ನ ನಾನು 'ನೀವು' ಅನ್ನೋದಾ, 'ನೀನು' ಅನ್ನೋದಾ?"

"ನಿನ್ನಿಷ್ಟ."

"ಹಾಗಾದ್ರೆ ಕೇಳು," ಎಂದಳು, ಅವನ ಎರಡೂ ಕೈಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡು. "ನಾಳೆ ಬೆಳಿಗ್ಗೆ ನನ್ನ ಸಾಮಾನು ಹೊರೋಕೆ ನೀನೇ ಬರ್ಬೇಕು."

"ಬರ್ತೀನಿ. ಎಷ್ಟು ಹೊತ್ತಿಗೆ?"

"ಬೇಗ ಬಾ," ಎಂದಳು ಸೂಜಿ, ಅವನ ಭುಜಕ್ಕೆ ಹಣೆಯಾನಿಸಿ. "ಹೊರಡೋಕಿಂತ ತುಂಬಾ... ತುಂಬಾ ಮುಂಚೆ ಬಾ."